ಅವಳ ಖಿನ್ನತೆ ರಜೆ ಅರ್ಜಿಯಲ್ಲಿ, ಅವನದು ನೋಟಿಸಿನಲ್ಲಿ

ಪ್ರಶ್ನೆ: ನನಗೆ 45 ವರ್ಷ. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ. ಯಜಮಾನರಿಗೆ 49. ಅವರೂ ಸರ್ಕಾರಿ ನೌಕರರೇ, ಬೇರೆ ಇಲಾಖೆಯಲ್ಲಿ ಫೀಲ್ಡ್ ಕೆಲಸ. ಹೋದ ತಿಂಗಳು ನೌಕರರಿಗೆಂದು ಆರೋಗ್ಯ ಶಿಬಿರ ಇತ್ತು. ಬಿಪಿ, ಶುಗರ್ ನೋಡಿದ ಮೇಲೆ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟು ಟಿಕ್ ಹಾಕಿಸಿದರು. ನನಗೆ 14 ಬಂತು, ಇವರಿಗೆ 6. ‘ನಿಮಗೆ ಖಿನ್ನತೆ ಇರಬಹುದು, ಡಾಕ್ಟರನ್ನು ನೋಡಿ’ ಎಂದರು. ಅಂದಿನಿಂದ ಇವರು ‘ಇದೆಲ್ಲ ನಿಮ್ಮ ಹೆಂಗಸರಿಗೇ, ಹಾರ್ಮೋನ್ ಆಟ’ ಎನ್ನುತ್ತಾರೆ. ನನಗೆ ವರ್ಷದಿಂದ ಬೆಳಿಗ್ಗೆ ಏಳಲು ಮನಸ್ಸಾಗುತ್ತಿಲ್ಲ. ಫೈಲ್ ತೆರೆದು ಅದೇ ಪುಟ ನೋಡುತ್ತಾ ಕೂರುತ್ತೇನೆ. ರೆಕಾರ್ಡ್ ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದದ್ದೂ ಉಂಟು. ಮುಟ್ಟು ಏರುಪೇರಾಗಿದೆ. ಆದರೆ ನನಗಿಂತ ಇವರ ಚಿಂತೆಯೇ ಜಾಸ್ತಿ. ಸಣ್ಣದಕ್ಕೆಲ್ಲ ಕೂಗಾಡುತ್ತಾರೆ. ವಾರಕ್ಕೊಮ್ಮೆ ಇದ್ದ ಕುಡಿತ ಈಗ ದಿನವೂ ಆಗಿದೆ. ರಾತ್ರಿ ಎರಡರವರೆಗೆ ಮೊಬೈಲ್. ಹೇಳದೆ ಕೇಳದೆ ಗೈರಾಗಿದ್ದಕ್ಕೆ ನೋಟಿಸ್ ಬಂದಿದೆ. ಖಿನ್ನತೆ ಹೆಂಗಸರಿಗೇ ಹೆಚ್ಚು ಎನ್ನುವುದು ನಿಜವಾ? ಮಾತ್ರೆ ಶುರು ಮಾಡಿದರೆ ಸೇವಾ ಪುಸ್ತಕಕ್ಕೆ ಬರುತ್ತದಾ? ಬಡ್ತಿಗೆ ತೊಂದರೆಯಾ? ಜೀವನಪೂರ್ತಿ ನುಂಗಬೇಕಾ? ವರ್ಗಾವಣೆ ತೆಗೆದುಕೊಂಡರೆ ಸರಿಹೋಗುತ್ತಾ? ಸರ್ಕಾರಿ ಕೆಲಸ ಇದ್ದೂ ನಮಗೇಕೆ ಹೀಗೆ?

ಉತ್ತರ:

ನೀವು ಕೇಳಿದ ಪ್ರಶ್ನೆಗಳೆಲ್ಲ ಒಂದೇ ಕಡೆ ಬಂದು ನಿಲ್ಲುತ್ತವೆ: ಮನೆಯಲ್ಲಿ ಯಾರಿಗೆ ಕಾಯಿಲೆ, ನಿಮಗಾ, ಅವರಿಗಾ? ಪತ್ರ ಓದಿದರೆ ನನಗೆ ಅನ್ನಿಸುವುದು, ಇಬ್ಬರೂ ವೈದ್ಯರನ್ನು ನೋಡಬೇಕು. ಅವಸರ ಯಾರದ್ದು ಎಂದರೆ, 14 ಬಂದ ನಿಮಗಿಂತ 6 ಬಂದ ನಿಮ್ಮ ಯಜಮಾನರದ್ದು. ಪತ್ರ ನೋಡಿ ಕಾಯಿಲೆ ಹೆಸರಿಸಲು ಆಗುವುದಿಲ್ಲ. ಆದರೆ ಹೀಗೆ ಯಾಕೆ ಹೇಳುತ್ತಿದ್ದೇನೆ ಎಂಬುದನ್ನು ವಿವರಿಸಬಹುದು.

ಮೊದಲು ಆ ಹಾಳೆಯ ವಿಷಯ. ಅದು ಜಗತ್ತಿನ ಎಲ್ಲ ಕಡೆ ಬಳಸುವ ಪಿಎಚ್‌ಕ್ಯೂ-9. ಹಿಂದಿನ ಎರಡು ವಾರ ಹೇಗಿತ್ತು ಎಂದು ಕೇಳುತ್ತದೆ. ಆಸಕ್ತಿ, ಬೇಜಾರು, ನಿದ್ದೆ, ಸುಸ್ತು, ಹಸಿವು, ತಪ್ಪಿತಸ್ಥ ಭಾವ, ಗಮನ, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಸಾಯುವ ಯೋಚನೆ. ಒಟ್ಟು ಅಂಕ 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಕೂರಿಸಿ ವಿಚಾರಿಸಬೇಕು ಎಂದರ್ಥ, ಕಾಯಿಲೆ ಖಚಿತ ಎಂದಲ್ಲ. 14 ಎಂದರೆ ಮಧ್ಯಮ ಮಟ್ಟದ ಮೇಲಿನ ಅಂಚು. ನೀವು ವರ್ಷದಿಂದ ಹೀಗಿದ್ದೀರಿ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ, ಅಳು ಬರುತ್ತಿದೆ. ಅಂಕ ಎಷ್ಟೇ ಬಂದಿದ್ದರೂ ನಾನು ಬನ್ನಿ ಎಂದೇ ಹೇಳುತ್ತಿದ್ದೆ.

ಈಗ ಆ ಹಾಳೆ ಕೇಳದೇ ಇರುವುದನ್ನು ನೋಡಿ. ಸಿಟ್ಟು ಜಾಸ್ತಿಯಾಗಿದೆಯಾ? ಕುಡಿತ ಏರಿದೆಯಾ? ಬೈಕನ್ನು ಹುಚ್ಚಾಪಟ್ಟೆ ಓಡಿಸುತ್ತೀರಾ? ಕೆಲಸಕ್ಕೆ ಚಕ್ಕರ್ ಹೊಡೆಯುತ್ತೀರಾ? ಒಂದನ್ನೂ ಕೇಳುವುದಿಲ್ಲ. ನಿಮ್ಮ ಯಜಮಾನರ ಬಗ್ಗೆ ನೀವು ಬರೆದದ್ದರಲ್ಲಿ ಮುಕ್ಕಾಲು ಪಾಲಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ.

ಅದನ್ನು ತುಂಬುವ ರೀತಿಯೂ ಇದೆಯಲ್ಲ. ನೌಕರರ ಶಿಬಿರಗಳನ್ನು ನಾನು ನೋಡಿದ್ದೇನೆ. ಮೀಟಿಂಗ್ ಹಾಲ್, ಪ್ಲಾಸ್ಟಿಕ್ ಕುರ್ಚಿ, ಮೂರು ಜನಕ್ಕೆ ಒಂದು ಪೆನ್ನು. ಪಕ್ಕದವನು ಇಣುಕುತ್ತಾನೆ. ತುಂಬಿದ ಹಾಳೆಗಳನ್ನು ಅದೇ ಕಚೇರಿಯ ಅಟೆಂಡರ್ ಒಟ್ಟುಮಾಡುತ್ತಾನೆ. ಅಂಥ ಕಡೆ ‘ಬದುಕು ಬೇಡ ಅನ್ನಿಸಿದೆ’ ಎಂಬ ಸಾಲಿಗೆ ಗಂಡಸು ಟಿಕ್ ಹಾಕುತ್ತಾನಾ? ಹೆಂಗಸರೂ ಮುಚ್ಚಿಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ‘ಸುಸ್ತು’, ‘ನಿದ್ದೆ ಇಲ್ಲ’ ಎಂದು ಒಪ್ಪಿಕೊಳ್ಳುವುದು ಅವರಿಗೆ ಅಷ್ಟು ಅವಮಾನ ಅಲ್ಲ.

ಹೆಂಗಸರಿಗೆ ಹೆಚ್ಚು ಎನ್ನುವುದು ಎಷ್ಟು ನಿಜ?

ನಿಜವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಗಂಡಸರಿಗೆ ಹೋಲಿಸಿದರೆ ಹೆಂಗಸರಲ್ಲಿ ಖಿನ್ನತೆ ಸುಮಾರು ಅರ್ಧದಷ್ಟು ಜಾಸ್ತಿ. ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಹದಿಹರೆಯದಲ್ಲಿ ಶುರುವಾಗುತ್ತದೆ.

ಆದರೆ ಇನ್ನೊಂದು ಲೆಕ್ಕ ಪೂರ್ತಿ ತಿರುಗಾಮುರುಗಾ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ನೂರರಲ್ಲಿ ಸುಮಾರು 72 ಮಂದಿ ಗಂಡಸರು. ಎಲ್ಲ ಆತ್ಮಹತ್ಯೆಗೂ ಖಿನ್ನತೆಯೇ ಕಾರಣ ಅಲ್ಲ. ಸಾಲ, ಕುಡಿತ, ಸಂಸಾರದ ಜಗಳ ಎಲ್ಲವೂ ಸೇರಿರುತ್ತವೆ. ಆದರೂ ಖಿನ್ನತೆ ಕಡಿಮೆ ಇರುವ ಕಡೆಯಲ್ಲೇ ಸಾವು ಜಾಸ್ತಿ ಎಂದರೆ ಎಲ್ಲೋ ಎಣಿಕೆ ತಪ್ಪುತ್ತಿದೆ ಅನ್ನಿಸುವುದಿಲ್ವಾ?

ಸ್ವೀಡನ್ನಿನಲ್ಲಿ ಗಾಟ್‌ಲೆಂಡ್ ಎಂಬ ದ್ವೀಪ ಇದೆ. 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆ ಗುರುತಿಸುವ ತರಬೇತಿ ಕೊಟ್ಟರು. ಆತ್ಮಹತ್ಯೆ ಇಳಿಯಿತು. ಆದರೆ ಹೆಚ್ಚಾಗಿ ಇಳಿದದ್ದು ಹೆಂಗಸರದ್ದು. ಗಂಡಸರು ವೈದ್ಯರ ಹತ್ತಿರ ಬಂದೇ ಇರಲಿಲ್ಲ. ಬಂದವರೂ ಕುಡುಕರು, ಜಗಳಗಂಟರು ಅನ್ನಿಸಿಕೊಂಡಿದ್ದರೇ ಹೊರತು ಖಿನ್ನರು ಎಂದಲ್ಲ. ಅಲ್ಲಿಂದಲೇ ಗಂಡಸರಿಗೆ ಬೇರೆ ಪ್ರಶ್ನಾವಳಿ ಬೇಕು ಎಂಬ ಯೋಚನೆ ಹುಟ್ಟಿತು. 2013ರಲ್ಲಿ ಅಮೆರಿಕದ ಸಂಶೋಧಕರು ಸಾವಿರಾರು ಜನರ ಸಮೀಕ್ಷೆಯ ಮಾಹಿತಿಯನ್ನು ಮತ್ತೆ ತೆಗೆದು ನೋಡಿದರು. ಮಾಮೂಲಿ ಲಕ್ಷಣಗಳ ಜೊತೆಗೆ ಸಿಟ್ಟು, ಕುಡಿತ, ಅಪಾಯಕ್ಕೆ ತಲೆ ಕೊಡುವುದನ್ನೂ ಸೇರಿಸಿದರು. ಆಗ ಗಂಡಸರಲ್ಲಿ 30.6, ಹೆಂಗಸರಲ್ಲಿ 33.3 ಶೇಕಡಾ ಬಂತು. ಹೆಚ್ಚುಕಮ್ಮಿ ಸಮ. ಸಿಟ್ಟು, ಕುಡಿತವನ್ನೆಲ್ಲ ಖಿನ್ನತೆಗೆ ಸೇರಿಸುವುದು ಸರಿಯಾ ಎಂದು ಇದಕ್ಕೆ ತಕರಾರೂ ಇದೆ. ತಕರಾರಿನಲ್ಲಿ ಹುರುಳಿದೆ. ಕೂಗಾಡುವ ಗಂಡಸರೆಲ್ಲ ಖಿನ್ನರಲ್ಲ, ಕೆಲವರು ಸುಮ್ನೆ ಕೂಗಾಡುವವರು. ನಾನು ನಡುವಿನ ಕಡೆ ನಿಲ್ಲುತ್ತೇನೆ: ಹೆಂಗಸರಿಗೆ ಜಾಸ್ತಿ ಎನ್ನುವುದು ನಿಜ, ಆದರೆ ಅಂತರ ನಮ್ಮ ಹಾಳೆಗಳು ತೋರಿಸುವಷ್ಟು ದೊಡ್ಡದಲ್ಲ.

ಇನ್ನು ‘ಹಾರ್ಮೋನ್ ಆಟ’. ಇದರಲ್ಲಿ ಕಾಲು ಭಾಗ ಸತ್ಯ ಇದೆ. ಹೆರಿಗೆಯ ಆಸುಪಾಸು, ಮುಟ್ಟು ನಿಲ್ಲುವ ಮುಂಚಿನ ವರ್ಷಗಳು, ಇವು ಖಿನ್ನತೆಯ ಅಪಾಯ ಏರುವ ಕಾಲ. ನೀವು ಈಗ ಅಲ್ಲೇ ಇದ್ದೀರಿ. ರಾತ್ರಿ ಮೈ ಬಿಸಿಯಾಗಿ ಬೆವರಿ ಎಚ್ಚರವಾಗುತ್ತಿದ್ದರೆ ನಿದ್ದೆ ಹೋಗಿ, ನಿದ್ದೆ ಹೋದದ್ದರಿಂದಲೇ ಮನಸ್ಸು ಕುಸಿಯುತ್ತದೆ. ಆದರೆ ಮುಟ್ಟು ನಿಲ್ಲುವುದು ಎಲ್ಲ ಹೆಂಗಸರಿಗೂ ಆಗುತ್ತದೆ, ಖಿನ್ನತೆ ಎಲ್ಲರಿಗೂ ಬರುವುದಿಲ್ಲ. ಹಿಂದೆ ಒಮ್ಮೆ ಖಿನ್ನತೆ ಬಂದಿತ್ತಾ, ಬಾಣಂತನದಲ್ಲಿ ಅತ್ತಿದ್ದಿರಾ, ತವರಲ್ಲಿ ಯಾರಿಗಾದರೂ ಇತ್ತಾ, ಇವು ಹಾರ್ಮೋನಿನಷ್ಟೇ ಮುಖ್ಯ. ಖಿನ್ನತೆಯ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳೂ ಇವೆ. ಥೈರಾಯ್ಡ್ ಕಡಿಮೆಯಾಗುವುದು, ರಕ್ತಹೀನತೆ, ಬಿ-12 ಕೊರತೆ. ಥೈರಾಯ್ಡ್ ತೊಂದರೆ ಹೆಂಗಸರಲ್ಲೇ ಜಾಸ್ತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಮಾತ್ರೆಗೆ ಮುಂಚೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ-12 ನೋಡಿಸಿ. ರಕ್ತಸ್ರಾವ ಜಾಸ್ತಿ ಇದ್ದರೆ ಸ್ತ್ರೀರೋಗ ತಜ್ಞರನ್ನೂ ಕಾಣಿ.

‘ಸರ್ಕಾರಿ ಕೆಲಸ ಇದ್ದೂ?’

ಇದನ್ನು ನನ್ನ ಬಳಿ ಬರುವ ಪ್ರತಿ ನೌಕರರ ಮನೆಯವರೂ ಕೇಳುತ್ತಾರೆ. ತಿಂಗಳು ತಿಂಗಳು ಸಂಬಳ ಬರುತ್ತೆ, ಯಾರೂ ತೆಗೆದುಹಾಕಲ್ಲ, ಇವರಿಗೇನು ಕಷ್ಟ? ಕೆಲಸ ಹೋಗುವ ಭಯ ಇಲ್ಲದಿರುವುದು ನಿಜವಾಗಿ ದೊಡ್ಡ ರಕ್ಷಣೆ. ಆದರೆ ಅದು ಒಂದು ಭಯವನ್ನು ಮಾತ್ರ ತೆಗೆಯುತ್ತದೆ.

ಸರ್ಕಾರಿ ನೌಕರರ ಮೇಲೆ ನಡೆದ ಅತಿ ಹೆಸರಾದ ಅಧ್ಯಯನ ಲಂಡನ್ನಿನದು. ಅಲ್ಲಿನ ಸರ್ಕಾರಿ ಕಚೇರಿಗಳ ಬೀದಿಯ ಹೆಸರೇ ಅದಕ್ಕೆ, ವೈಟ್‌ಹಾಲ್. 1967ರಲ್ಲಿ ಮೊದಲು ಶುರುವಾದಾಗ ಗಂಡಸರನ್ನು ಮಾತ್ರ ತೆಗೆದುಕೊಂಡಿದ್ದರು. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ಮುಂದಾಳತ್ವದಲ್ಲಿ ಎರಡನೇ ಅಧ್ಯಯನ ಶುರುವಾಯಿತು. 10,308 ನೌಕರರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಲ್ಲರಿಗೂ ಕೆಲಸ ಭದ್ರ, ಪಿಂಚಣಿ ಭದ್ರ. ಆದರೂ ದರ್ಜೆ ಇಳಿದಂತೆ ಆರೋಗ್ಯ ಇಳಿಯುತ್ತಿತ್ತು. ಮನಸ್ಸಿನ ವಿಷಯಕ್ಕೆ ಬಂದರೆ ಮತ್ತೆ ಮತ್ತೆ ಎದ್ದು ಕಂಡದ್ದು, ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತ ಇದೆ ಎಂಬುದು. ಅದೇ ಅಧ್ಯಯನದವರು ಮುಂದೆ ಮನೆಯನ್ನೂ ಸೇರಿಸಿ ನೋಡಿದರು. ಕೆಳಗಿನ ಮತ್ತು ನಡುವಿನ ದರ್ಜೆಯ ಹೆಂಗಸರಿಗೆ ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಹಿಡಿತ ಇಲ್ಲದಿದ್ದರೆ ಖಿನ್ನತೆ, ಆತಂಕದ ಅಪಾಯ ಎಲ್ಲರಿಗಿಂತ ಹೆಚ್ಚಿತ್ತು. ನಡುವಿನ ಮತ್ತು ಮೇಲಿನ ದರ್ಜೆಯ ಗಂಡಸರನ್ನು ಹೆಚ್ಚು ತಟ್ಟಿದ್ದು ಮನೆಯಲ್ಲಿ ಹಿಡಿತ ತಪ್ಪಿದ್ದು. ಗಂಡಸಿಗೆ ಕಚೇರಿ ಚಿಂತೆ, ಹೆಂಗಸಿಗೆ ಮನೆ ಚಿಂತೆ ಎಂದು ನಾವು ಅಂದುಕೊಂಡಿದ್ದೇವಲ್ಲ, ಅದು ಅಷ್ಟು ಸರಳವಿಲ್ಲ.

ಹಿಡಿತ ಇಲ್ಲದಿರುವುದು ಹೇಗಿರುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಇಬ್ಬರ ಕೆಲಸ ಒಬ್ಬರ ಮೇಜಿಗೆ ಬರುತ್ತದೆ, ಅದಕ್ಕೆ ‘ಹೆಚ್ಚುವರಿ ಪ್ರಭಾರ’ ಎಂಬ ಗೌರವದ ಹೆಸರು. ಸರ್ವರ್ ಡೌನ್ ಆದರೆ ಕೌಂಟರಿನಲ್ಲಿ ಬೈಸಿಕೊಳ್ಳುವುದು ನೀವು. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆಯೊಳಗೆ ವರದಿ’ ಎಂಬ ಆದೇಶ. ಎಲೆಕ್ಷನ್ ಡ್ಯೂಟಿ, ಗಣತಿ, ವಿಡಿಯೋ ಕಾನ್ಫರೆನ್ಸಿನಲ್ಲಿ ಎಲ್ಲರೆದುರು ಮಂಗಳಾರತಿ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತಾಗ ಅವರ ದೂರುಗಳಲ್ಲಿ ಒಂದು, ಮೊಬೈಲಿಗೆ ತುಂಬಿದ ಆ್ಯಪ್‌ಗಳ ಹೊರೆ. ಕೆಲಸ ಜಾಸ್ತಿ ಇದ್ದರೆ ಮನುಷ್ಯ ಸುಸ್ತಾಗುತ್ತಾನೆ. ಯಾವ ಕೆಲಸ, ಯಾವಾಗ, ಹೇಗೆ ಎಂಬುದರಲ್ಲಿ ತನ್ನ ಮಾತೇ ನಡೆಯದಿದ್ದರೆ ಕುಗ್ಗುತ್ತಾನೆ. ಬಿಟ್ಟು ಹೋಗೋಣ ಎಂದರೆ, ಸರ್ಕಾರಿ ಕೆಲಸವನ್ನು ಬಿಡುವವರುಂಟೇ? ಭದ್ರತೆಯೇ ಕಟ್ಟಿಹಾಕುತ್ತದೆ.

ಹೆಂಗಸರಿಗೆ ಇದರ ಮೇಲೆ ಇನ್ನೊಂದು ಪಾಳಿ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಮನೆಗೆಲಸ ಮಾಡುತ್ತೇವೆ ಎಂದ ಗಂಡಸರು ಕೊಟ್ಟದ್ದು 88 ನಿಮಿಷ. ಬಸ್ಸಿನ ಓಡಾಟ, ನೀರಿಲ್ಲದ ಶೌಚಾಲಯ, ಕೆಲವು ಕಡೆ ಮೇಲಿನವರ ಕೆಟ್ಟ ನಡವಳಿಕೆ. ಕಚೇರಿಗಳಲ್ಲಿ ಕೆಳಗಿನ ದರ್ಜೆಗಳಲ್ಲೇ ಹೆಂಗಸರು ಹೆಚ್ಚಾಗಿ ಉಳಿದರೆ, ಹೆಂಗಸು-ಗಂಡಸಿನ ವ್ಯತ್ಯಾಸ ಎಂದು ಕಾಣುವುದರಲ್ಲಿ ಒಂದಿಷ್ಟು ದರ್ಜೆಯ ವ್ಯತ್ಯಾಸವೂ ಇರುತ್ತದೆ. ಇನ್ನೊಂದು ಮಾತು. ಆಶಾ, ಅಂಗನವಾಡಿ ಕಾರ್ಯಕರ್ತೆಯರು ದಿನವಿಡೀ ಮಾಡುವುದು ಸರ್ಕಾರದ್ದೇ ಕೆಲಸ. ಆದರೆ ಗೌರವಧನದವರು ಎಂದು ನೌಕರರ ಶಿಬಿರಕ್ಕೂ ಕರೆಯುವುದಿಲ್ಲ, ನೌಕರರ ಲೆಕ್ಕಕ್ಕೂ ಸೇರಿಸುವುದಿಲ್ಲ. ಅವರನ್ನು ಸೇರಿಸಿ ಎಣಿಸಿದರೆ ಚಿತ್ರ ಏನಾಗುತ್ತದೋ!

ಗಂಡಸರ ಹೊರೆಯ ಬಗೆ ಬೇರೆ. ಇಲಾಖಾ ವಿಚಾರಣೆ, ಬಡ್ತಿಯಲ್ಲಿ ಕಿರಿಯ ದಾಟಿಹೋದದ್ದು, ಯಾರಿಗೋ ಹಾಕಿದ ಜಾಮೀನು, ಮನೆಗೆ ಹೇಳದೆ ಮಾಡಿದ ಸಾಲ. ಹೆಂಗಸು ತಂಗಿಗೋ ಪಕ್ಕದ ಮೇಜಿನವಳಿಗೋ ಹೇಳಿಕೊಳ್ಳುತ್ತಾಳೆ. ಗಂಡಸಿಗೆ ಸ್ನೇಹಿತರಿಲ್ಲವೆಂದಲ್ಲ, ಇರುವ ಸ್ನೇಹಿತರು ಸಿಗುವ ಜಾಗ ಬಾರ್.

ಒಂದೇ ಕಾಯಿಲೆ ಕಚೇರಿಯಲ್ಲಿ ಎರಡು ಬೇರೆ ಫೈಲಿಗೆ ಹೋಗುವುದು ಹೀಗೆ. ಹೆಂಗಸು ಬೆನ್ನುನೋವು, ತಲೆನೋವು, ಸುಸ್ತು ಎಂದು ಪದೇ ಪದೇ ಅರ್ಧ ದಿನ, ಒಂದು ದಿನ ರಜೆ ಹಾಕುತ್ತಾಳೆ. ‘ಈ ಮೇಡಂದು ಯಾವಾಗಲೂ ಇದ್ದದ್ದೇ’ ಎನ್ನುತ್ತಾರೆ. ಗಂಡಸು ರಜೆ ಹಾಕುವುದಿಲ್ಲ, ಗೈರಾಗುತ್ತಾನೆ. ಸಾರ್ವಜನಿಕರ ಜೊತೆ ಜಗಳ, ಫೈಲ್ ಬಾಕಿ, ಫೋನ್ ಸ್ವಿಚ್ ಆಫ್. ಅವನಿಗೆ ಮೆಮೊ ಬರುತ್ತದೆ. ಆಸ್ಪತ್ರೆಗೆ ಬಂದರೂ ಎದೆ ಹಿಡಿದ ಹಾಗಾಗುತ್ತದೆ, ಗ್ಯಾಸ್ಟ್ರಿಕ್ ಎಂದು ಬರುತ್ತಾನೆ. ಜೇಬಿನಿಂದ ಮಡಿಸಿದ ಇಸಿಜಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಹಾಕುತ್ತಾನೆ, ಎಲ್ಲವೂ ನಾರ್ಮಲ್. ನಿದ್ದೆ ಹೇಗಿದೆ ಎಂದು ಕೇಳಿದ ಮೇಲೆ ಮಾತು ನಿಲ್ಲುತ್ತದೆ.

ನಿಮಗಿರುವ ದಾರಿಗಳು

ಸುಮ್ಮನಿದ್ದು ನೋಡುವುದೂ ಒಂದು ದಾರಿಯೇ. ಹಗುರವಾದ ಖಿನ್ನತೆ ಕೆಲವರಿಗೆ ತಾನಾಗಿ ಇಳಿಯುತ್ತದೆ. ಆದರೆ ನಿಮ್ಮದು ವರ್ಷ ದಾಟಿದೆ. ಅದನ್ನು ನಾನು ಒಪ್ಪುವುದಿಲ್ಲ.

ಮಾತಿನ ಚಿಕಿತ್ಸೆ ಮಧ್ಯಮ ಮಟ್ಟದ ಖಿನ್ನತೆಗೆ ಮಾತ್ರೆಯ ಹತ್ತಿರ ಹತ್ತಿರದಷ್ಟೇ ಕೆಲಸ ಮಾಡುತ್ತದೆ. ದೊಡ್ಡ ಊರಿಗೇ ಹೋಗಬೇಕು ಎಂದೂ ಇಲ್ಲ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಆರೆಂಟು ಭೇಟಿಗಳಲ್ಲಿ ಇದನ್ನು ಕೊಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಗುಣ ಕಂಡದ್ದನ್ನು 2017ರಲ್ಲಿ ಪ್ರಕಟಿಸಿದರು. ಅದರ ತಿರುಳು ಸರಳ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯದೆ, ಬಿಟ್ಟುಹೋದ ಚಿಕ್ಕ ಕೆಲಸಗಳನ್ನು ಗಂಟೆ ಗೊತ್ತುಮಾಡಿಕೊಂಡು ಮತ್ತೆ ಶುರು ಮಾಡುವುದು. ತೊಂದರೆ ಏನೆಂದರೆ ಸಮಯ ಬೇಕು, ವಾರಕ್ಕೊಮ್ಮೆ ಹೋಗಬೇಕು, ಹೆಂಗಸರಿಗೆ ಆ ಒಂದು ಗಂಟೆಯೇ ಸಿಗುವುದಿಲ್ಲ.

ಮಾತ್ರೆ. ಸಾಮಾನ್ಯವಾಗಿ ಎಸಿಟಲೋಪ್ರಾಮ್ ಅಥವಾ ಸರ್ಟ್ರಲಿನ್‌ನಿಂದ ಶುರು ಮಾಡುತ್ತೇವೆ. ಎರಡರಿಂದ ನಾಲ್ಕು ವಾರಕ್ಕೆ ಗುಣ ಕಾಣಲು ಶುರು. ಮೊದಲ ವಾರ ವಾಕರಿಕೆ, ಚಡಪಡಿಕೆ ಆಗಬಹುದು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಕೇಳಲು ನಾಚಿಕೆ ಪಡಬೇಡಿ, ಬದಲಿ ಇದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೋಡಿಯಂ ಇಳಿಯಬಹುದು, ವೈದ್ಯರಿಗೆ ಹೇಳಿ. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ದೆ ಬೇಡದೆ, ಅತಿ ಹುರುಪಿನಲ್ಲಿ ಖರ್ಚು, ಮಾತು, ಓಡಾಟ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ, ಆಗ ಚಿಕಿತ್ಸೆಯೇ ಬೇರೆ. ಇದೇ ಗುಂಪಿನ ಕೆಲವು ಮಾತ್ರೆಗಳು ಮುಟ್ಟು ನಿಲ್ಲುವ ಕಾಲದ ಮೈಬಿಸಿಯನ್ನೂ ಕಡಿಮೆ ಮಾಡುತ್ತವೆ, ನಿಮಗದು ಲಾಭ.

ಜೀವನಪೂರ್ತಿ ಬೇಕಿಲ್ಲ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೆ ಇನ್ನೂ ಆರರಿಂದ ಒಂಬತ್ತು ತಿಂಗಳು, ಆಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸುತ್ತೇವೆ. ಪದೇ ಪದೇ ಬಂದವರಿಗೆ ಹೆಚ್ಚು ಕಾಲ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುತ್ತದೆ, ಅದನ್ನು ಚಟ ಎಂದು ತಪ್ಪು ತಿಳಿಯುತ್ತಾರೆ. ನಿಜಕ್ಕೂ ಚಟವಾಗುವುದು ಅಲ್ಪ್ರಜೋಲಮ್, ಕ್ಲೋನಜೆಪಾಮ್‌ನಂಥ ನಿದ್ದೆ ಮಾತ್ರೆಗಳು. ಖಿನ್ನತೆಯ ಮಾತ್ರೆಗೆ ಹೆದರುವ ಜನ ಇವನ್ನು ಮೆಡಿಕಲ್ ಶಾಪಿನವನು ಕೊಟ್ಟನೆಂದು ವರ್ಷಗಟ್ಟಲೆ ನುಂಗುತ್ತಾರೆ. ಕುಡಿತದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ರಜೆ. ಅರ್ಧ ವೇತನ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪೂರ್ತಿ ಸಂಬಳದ ಪರಿವರ್ತಿತ ರಜೆ ಮಾಡಿಕೊಳ್ಳುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಬರೆದುಕೊಡುವಾಗ ಯೋಚಿಸುವುದು ಬೇರೆ ವಿಷಯ. ಹೆಂಗಸರ ಮೆಡಿಕಲ್ ರಜೆ ಅಡುಗೆಮನೆಯ ಡ್ಯೂಟಿಯಾಗಿ ಬದಲಾಗುತ್ತದೆ. ‘ಹೇಗೂ ಮನೇಲೇ ಇದ್ದೀಯಲ್ಲ’ ಎಂದು ನೆಂಟರೂ ಬರುತ್ತಾರೆ. ಹಾಗಾಗಿ ಮಾತ್ರೆ ಶುರುವಾಗುವ ಮೊದಲ ಒಂದೆರಡು ವಾರಕ್ಕೆ ಚಿಕ್ಕ ರಜೆ ಸಾಕು, ಆಮೇಲೆ ಕಚೇರಿಗೆ ಹೋಗುವುದೇ ಒಳ್ಳೆಯದು. ಆ ಎರಡು ವಾರ ಅಡುಗೆ ಯಾರು ಮಾಡುತ್ತಾರೆ ಎಂಬುದನ್ನು ರಜೆ ಹಾಕುವ ಮೊದಲೇ ತೀರ್ಮಾನಿಸಿ.

ಸೇವಾ ಪುಸ್ತಕಕ್ಕೆ ಬರುತ್ತದಾ?

ನೀವು ಮನೋವೈದ್ಯರನ್ನು ನೋಡಿದ್ದು, ಮಾತ್ರೆ ತೆಗೆದುಕೊಂಡದ್ದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ನಿಮ್ಮ ಮಾಹಿತಿಯನ್ನು ಗೌಪ್ಯವಾಗಿಡುವ ಹೊಣೆಯನ್ನು ವೈದ್ಯರ ಮೇಲೆ ಹಾಕಿದೆ. ಸೇವಾ ಪುಸ್ತಕದಲ್ಲಿ ದಾಖಲಾಗುವುದು ರಜೆಯ ಬಗೆ ಮತ್ತು ದಿನಗಳು.

ಸೋರುವ ಜಾಗಗಳು ಎರಡು. ರಜೆಯ ವೈದ್ಯಕೀಯ ಪ್ರಮಾಣಪತ್ರ ಮತ್ತು ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲು. ಎರಡೂ ನಿಮ್ಮದೇ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ಮೇಜಿನ ಮೂಲಕ ಹೋಗುತ್ತವೆ. ಪ್ರಮಾಣಪತ್ರದಲ್ಲಿ ಕಾಯಿಲೆಯನ್ನು ಹೇಗೆ ಬರೆಯಬೇಕು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿ. ಸುಳ್ಳು ಬರೆಸಬೇಡಿ, ಮುಂದೆ ಅದೇ ಉರುಳಾಗುತ್ತದೆ. ಬಿಲ್ಲಿನ ವಿಷಯಕ್ಕೆ, ಈ ಮಾತ್ರೆಗಳು ದುಬಾರಿ ಅಲ್ಲ. ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಗುಟ್ಟು ಬೇಕೆನ್ನುವವರು ಬಿಲ್ಲು ಹಾಕುವುದೇ ಇಲ್ಲ.

ಬಡ್ತಿಗೆ ಮಾತ್ರೆಯಿಂದ ತೊಂದರೆಯಾದದ್ದನ್ನು ನಾನು ನೋಡಿಲ್ಲ. ಚಿಕಿತ್ಸೆ ಇಲ್ಲದೆ ಫೈಲ್ ಬಾಕಿ ಬಿದ್ದು ಕಾರ್ಯನಿರ್ವಹಣಾ ವರದಿ ಕೆಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಯಜಮಾನರು

ಸಿಟ್ಟು, ದಿನದ ಕುಡಿತ, ನಿದ್ದೆ ಇಲ್ಲ, ಹೇಳದೆ ಗೈರು. ಇದು ಖಿನ್ನತೆ ಇರಬಹುದು, ಕುಡಿತದ್ದೇ ತೊಂದರೆ ಇರಬಹುದು, ಎರಡೂ ಒಂದನ್ನೊಂದು ಬೆಳೆಸುತ್ತಿರಬಹುದು. 49ರಲ್ಲಿ ಸಕ್ಕರೆ ಕಾಯಿಲೆ, ಗೊರಕೆಯ ಜೊತೆ ಉಸಿರು ನಿಂತು ನಿಂತು ಬರುವ ತೊಂದರೆ ಕೂಡ ಮನುಷ್ಯನನ್ನು ಹೀಗೆ ಮಾಡುತ್ತವೆ.

‘ನಿಮಗೂ ಖಿನ್ನತೆ’ ಎಂದು ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಅವರೇ ಒಪ್ಪುವ ತೊಂದರೆಯಿಂದ ಶುರು ಮಾಡಿ: ನಿದ್ದೆ, ಎದೆ ಹಿಡಿತ, ಬಿಪಿ. ಮೊದಲು ಪರಿಚಯದ ಸಾಮಾನ್ಯ ವೈದ್ಯರ ಹತ್ತಿರವೇ ಹೋಗಲಿ. ‘ನನ್ನ ಜೊತೆ ಬನ್ನಿ, ಡಾಕ್ಟರು ನಿಮ್ಮನ್ನೂ ಕೇಳುತ್ತಾರಂತೆ’ ಎಂದು ನಿಮ್ಮ ಭೇಟಿಗೆ ಕರೆದುಕೊಂಡು ಹೋದರೂ ಆದೀತು. ಹಾಗೆ ಜೊತೆಗೆ ಬಂದು ಕೊನೆಗೆ ತಮ್ಮದನ್ನೇ ಹೇಳಿಕೊಂಡ ಗಂಡಂದಿರು ಬಹಳ.

ಎರಡು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಕುಡಿತ ಬಿಡಿಸುವ ಪುಡಿ, ಮಾತ್ರೆ ಎಂದು ಜಾಹೀರಾತು ನೋಡಿ ಗೊತ್ತಿಲ್ಲದಂತೆ ಊಟಕ್ಕೆ ಬೆರೆಸುವುದು ಒಂದು. ಅವುಗಳಲ್ಲಿ ಡೈಸಲ್ಫಿರಾಮ್‌ನಂಥದ್ದಿದ್ದು, ಅದರ ಮೇಲೆ ಅವರು ಕುಡಿದರೆ ಪ್ರಾಣಕ್ಕೇ ಬರಬಹುದು. ಇನ್ನೊಂದು, ದಿನವೂ ಕುಡಿಯುವವರನ್ನು ‘ಇವತ್ತಿನಿಂದ ಬಂದ್’ ಎಂದು ಆಣೆ ಹಾಕಿಸಿ ದಿಢೀರ್ ನಿಲ್ಲಿಸುವುದು. ಕೈ ನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ಕಣ್ಣೆದುರು, ಮಾತ್ರೆಯ ಆಸರೆಯಲ್ಲಿ ನಿಲ್ಲಿಸಬೇಕು.

ನೋಟಿಸಿಗೆ ಉತ್ತರ ಕೊಡುವ ಗಡುವು ತಪ್ಪಬಾರದು. ಖಿನ್ನನಾದವನು ಮೊದಲು ಬಚ್ಚಿಡುವುದೇ ಇಂಥ ಕಾಗದ. ಚಿಕಿತ್ಸೆ ಶುರುವಾಗಿದ್ದರೆ ಅದರ ದಾಖಲೆ ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. 2021ರ ಡಿಸೆಂಬರಿನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಡತೆಗೆ ಮಾನಸಿಕ ಅಂಗವೈಕಲ್ಯವೂ ಒಂದು ಕಾರಣವಾಗಿದ್ದರೆ ಅದನ್ನು ಲೆಕ್ಕಿಸದೆ ಶಿಸ್ತುಕ್ರಮ ನಡೆಸುವುದು ತಾರತಮ್ಯ ಎಂದಿತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 20ನೇ ಕಲಂ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ಕೆಲಸದಿಂದ ತೆಗೆಯುವುದನ್ನೂ ದರ್ಜೆ ಇಳಿಸುವುದನ್ನೂ ತಡೆಯುತ್ತದೆ. ಎಲ್ಲ ಖಿನ್ನತೆಯೂ ಅಂಗವೈಕಲ್ಯ ಎನ್ನಿಸಿಕೊಳ್ಳುವುದಿಲ್ಲ, ಎಲ್ಲ ನೋಟಿಸೂ ಇದರಿಂದ ರದ್ದಾಗುವುದಿಲ್ಲ. ಆದರೆ ಚಿಕಿತ್ಸೆಯ ಕಾಗದವೇ ಇಲ್ಲದಿದ್ದರೆ ಈ ಮಾತು ಎತ್ತಲೂ ಆಗದು.

ಒಂದು ಪ್ರಶ್ನೆಯನ್ನು ನೀವು ಅವರನ್ನು ನೇರವಾಗಿ ಕೇಳಬೇಕು: ‘ಬದುಕು ಸಾಕು ಅನ್ನಿಸುತ್ತಿದೆಯಾ?’ ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎನ್ನುವುದು ತಪ್ಪು ಕಲ್ಪನೆ. ಕೇಳಿದರೆ ಹೊರೆ ಇಳಿಯುತ್ತದೆ. ಇದೇ ಪ್ರಶ್ನೆ ನಿಮಗೂ. ಉತ್ತರ ಹೌದು ಎಂದಾದರೆ, ಅಥವಾ ಅವರು ಇದ್ದಕ್ಕಿದ್ದಂತೆ ಸಾಲದ ಪಟ್ಟಿ, ಎಲ್‌ಐಸಿ ಬಾಂಡು ಎಂದು ತೋರಿಸತೊಡಗಿದರೆ, ಒಬ್ಬರೇ ಬಿಡಬೇಡಿ. ಮನೆಯಲ್ಲಿರುವ ಹೊಲದ ಔಷಧಿಯನ್ನು ಬೇರೆ ಕಡೆ ಸಾಗಿಸಿ, ಅಂದೇ ಆಸ್ಪತ್ರೆಗೆ ಹೋಗಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವಸರವಿಲ್ಲದವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ಘಟಕ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ಯಾವ ವಾರ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಊರಿನವರ ಕಣ್ಣಿಗೆ ಬೀಳುವುದು ಬೇಡವೆಂದರೆ ಪಕ್ಕದ ತಾಲ್ಲೂಕಿಗೆ ಹೋದರೂ ನಡೆಯುತ್ತದೆ, ಯಾರೂ ಬೇಡ ಎನ್ನುವುದಿಲ್ಲ.

ಕೊನೆಯದು ವರ್ಗಾವಣೆ. ತೊಂದರೆ ಒಬ್ಬ ಅಧಿಕಾರಿಯದ್ದೋ ಎರಡು ಗಂಟೆಯ ಬಸ್ಸಿನದ್ದೋ ಆಗಿದ್ದರೆ ವರ್ಗಾವಣೆ ಒಳ್ಳೆಯ ಔಷಧಿ. ಅಧಿಕಾರಿಯದ್ದು ಲೈಂಗಿಕ ಕಿರುಕುಳವಾಗಿದ್ದರೆ ನೀವು ಜಾಗ ಬಿಡುವ ಬದಲು ಆಂತರಿಕ ದೂರು ಸಮಿತಿಗೆ ಹೋಗುವ ದಾರಿಯೂ ಇದೆ. ಆದರೆ ಖಿನ್ನತೆಯಲ್ಲಿರುವಾಗ ಎಲ್ಲಿ ಹೋದರೂ ಸರಿಹೋಗುತ್ತದೆ ಎಂದೋ ಎಲ್ಲಿ ಹೋದರೂ ಇಷ್ಟೇ ಎಂದೋ ಅನ್ನಿಸುತ್ತದೆ, ಎರಡನ್ನೂ ನಂಬುವಂತಿಲ್ಲ. ಹೊಸ ಊರಿನಲ್ಲಿ ಪರಿಚಯದವರಿಲ್ಲ, ಹೊಸ ಮೇಜಿನ ಕೆಲಸ ಕಲಿಯಬೇಕು, ಯಜಮಾನರು ಇಲ್ಲೇ ಉಳಿದರೆ ಅವರ ಕುಡಿತ ನೋಡುವವರಿಲ್ಲ. ಮೂರು ತಿಂಗಳು ಚಿಕಿತ್ಸೆ ಆಗಲಿ. ಆಮೇಲೂ ಆ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಧಸಕ್ ಎಂದರೆ ಪತಿ-ಪತ್ನಿ ಪ್ರಕರಣದಲ್ಲಿ ಇಬ್ಬರಿಗೂ ಒಂದೇ ಕಡೆ ಕೇಳಿಕೊಂಡು ಅರ್ಜಿ ಹಾಕಿ. ಸ್ವಯಂ ನಿವೃತ್ತಿಯ ಅರ್ಜಿಯನ್ನಂತೂ ಇಬ್ಬರಲ್ಲಿ ಯಾರೂ ಈಗ ಬರೆಯಬೇಡಿ.